ಅರ್ಧಕ್ಕೆ ಮಾನವಿಲ್ಲ

ಸಂಜೆ ಆರಕ್ಕೆ ಬಾಷಾ ನಗರದ ಮೇಲೆ
ಹೊಗೆ ಕೂತಿರುತ್ತದೆ, ಹೊಟ್ಟಿನದು, ಹಳೇ ಟೈರಿನದು.
ರುಖಿಯಾಳ ನೋಟುಬುಕ್ಕಿಗೂ ಅದೇ ವಾಸನೆ.
ಪುಟ ತಿರುವಿದರೆ ಮಡಿಕೆಯೊಳಗಿಂದ
ಮಂಡಕ್ಕಿ ಭಟ್ಟಿಯ ಸಣ್ಣ ಮರಳು
ನನ್ನ ಮೇಜಿನ ಮೇಲೆ ಉದುರುತ್ತದೆ.

ಸೆಕೆಂಡ್ ಪಿಯುಸಿ, ಸೈನ್ಸು.
ಒಟ್ಟು ಶಕ್ತಿ ಎಂದು ಬರೆದು, ಗೆರೆ ಎಳೆದು,
ಅರ್ಧ ಎಂ ವಿ, ಕೂಡಿಸು ಎಂ ಜಿ ಎಚ್ ಎಂದಿದ್ದಳು.
ವಿ ನೆತ್ತಿಯ ಮೇಲಿನ ಎರಡು
ಸಿಟಿ ಬಸ್ಸಿನಲ್ಲೆಲ್ಲೋ ಬಿದ್ದುಹೋಗಿತ್ತು.

"ಮೂರು ಮಾರು ಸೇವಂತಿಗೆಗೆ
ಎರಡು ಸೇರು ಮಂಡಕ್ಕಿ ಕೂಡಿಸಿದರೆ
ಎಷ್ಟಾಯಿತೇ?" ಎಂದೆ.
ನಕ್ಕಳು. "ದರ್ಗಾಕ್ಕೆ ಹೋಗೋಕಾಯ್ತು, ಮಿಸ್."

ಅಲ್ಲಿ ನಡೆಯುತ್ತದೆ, ಇಲ್ಲಿ ನಡೆಯದು.
ಮನುಷ್ಯರನ್ನು ಕೇಳಬಾರದ ಪ್ರಶ್ನೆಯೊಂದಿದೆಯಲ್ಲ,
ಅದನ್ನು ಸಮೀಕರಣದ ಪದಗಳನ್ನು ಕೇಳು:
ನಿನ್ನ ಕುಲವೇನು?
ಮೇಲೆ ಒಂದು ಕಿಲೋಗ್ರಾಂ, ಎರಡು ಮೀಟರು,
ಕೆಳಗೆ ಎರಡು ಸೆಕೆಂಡು
ಎಂದರೆ ಮಾತ್ರ ಒಳಗೆ ಬಿಡು.
ಇಲ್ಲವೋ, ಎಂಥ ಚೆಂದದ ಉತ್ತರವಾದರೂ
ಹೊಸ್ತಿಲಲ್ಲೇ ನಿಲ್ಲಿಸು.

ರೂಢಿಯಾಯಿತು. ಕಂಡಕಂಡದ್ದನ್ನೆಲ್ಲ ಕೇಳತೊಡಗಿದಳು.
ಒಂದು ದಿನ ಕರೆಂಟು ಬಿಲ್ಲನ್ನೇ ತಂದಳು:
"ಈ ಯೂನಿಟ್ ಯಾವ ಕುಲ, ಮಿಸ್?"
ಜೂಲಿನದೇ, ದೊಡ್ಡ ಮನೆತನ, ಮೂವತ್ತಾರು ಲಕ್ಷ.
ಅಬ್ಬಾ ಎತ್ತುವ ಮೂಟೆ ಅರವತ್ತು ಕೆಜಿ,
ಜಿ-ಯನ್ನು ಹತ್ತು ಅಂತಿಟ್ಟುಕೊಂಡಳು,
ಒಂದು ಮೀಟರು ಎತ್ತಿದರೆ ಆರುನೂರು.
ಭಾಗಿಸಿದಳು, ಬೆರಳು ಮಡಚಿ ಸೊನ್ನೆ ಎಣಿಸಿದಳು:
ಒಂದು ಯೂನಿಟ್ಟಿಗೆ ಆರು ಸಾವಿರ ಸಲ ಎತ್ತಬೇಕು.
ಬೆಲೆ ನೋಡಿದರೆ
ಒಂದು ಹಾಫ್ ಟೀಯಷ್ಟೂ ಇಲ್ಲ.
"ಅಬ್ಬಾಗೆ ಹೇಳಬೇಡ್ರೀ ಮಿಸ್," ಅಂದಳು,
"ನಾಳೆಯಿಂದ ಮೂಟೇನೇ ಎತ್ತಲ್ಲ."

ಮಾರ್ಚಿನಲ್ಲಿ ಒಂದು ಟೆಸ್ಟು.
ನಲವತ್ತೆರಡು ಪೇಪರು, ಒಂದೇ ರಾತ್ರಿ,
ಫ್ಯಾನು ತಿರುಗಿದರೂ ಗಾಳಿಯಿಲ್ಲ.
ಎಡಕ್ಕೆ ಜೂಲು, ಬಲಕ್ಕೆ ಜೂಲು,
ರೈಟು. ಮುಂದಿನದು.

ಮರುದಿನ ಪೇಪರು ಹಿಡಿದು ಬಾಗಿಲಲ್ಲಿ ನಿಂತಿದ್ದಳು.
"ಮಿಸ್, ಎಂ ವಿ ಸ್ಕ್ವೇರಿನ ಮುಂದೆ
ಅರ್ಧ ಬಿಟ್ಟೀನಿ. ನೀವು ರೈಟ್ ಹಾಕೀರಿ."

ನೋಡಿದೆ. ಹೌದು.
ಈ ಸಲ ಎರಡು ಇದ್ದಲ್ಲೇ ಇತ್ತು, ಅರ್ಧ ಇರಲಿಲ್ಲ.
ಪುಸ್ತಕದಂತೆ ಹೇಳಿದೆ:
ಅರ್ಧಕ್ಕೆ ಮಾನವಿಲ್ಲ ಕಣೇ, ಅದು ಬರೀ ಸಂಖ್ಯೆ,
ಬಂದರೂ ಹೋದರೂ ಕುಲ ಕೆಡುವುದಿಲ್ಲ,
ಎಡಬಲ ನೋಡುವ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಸುಮ್ಮನಿದ್ದಳು.
ಜರಡಿ ಹಿಡಿಯುವವಳ ಮಗಳಿಗೆ
ಜರಡಿಯ ತೂತಿನ ಬಗ್ಗೆ ನಾನು ಹೇಳುತ್ತಿದ್ದೆ.

ನೋಟುಬುಕ್ಕಿನ ಕೊನೆಯ ಪುಟ ತೆಗೆದಳು.
ಭಟ್ಟಿಯ ಕೂಲಿ ಲೆಕ್ಕ, ಅವಳದೇ ಅಕ್ಷರ:
ಖಾಜಾಸಾಬ್, ಹುರಿದದ್ದು, ದಿನಕ್ಕೆ ಐನೂರು.
ಮಾಬೂಬಿ, ಜರಡಿ, ದಿನಕ್ಕೆ ಇನ್ನೂರೈವತ್ತು.
ಇಬ್ಬರೂ ಬೆಳಗಿನ ನಾಲ್ಕಕ್ಕೇ ಹೋದವರು,
ಒಂದೇ ಬೆಂಕಿಯ ಮುಂದೆ.
"ಎರಡೂ ಕಡೆ ರೂಪಾಯಿ. ಎರಡೂ ಕಡೆ ದಿನ.
ಸೇಠು ಪ್ರತಿ ಶನಿವಾರ ರೈಟ್ ಹಾಕ್ತಾರೆ, ಮಿಸ್."

ದನಿ ಏರಲಿಲ್ಲ. ಲೆಕ್ಕ ಒಪ್ಪಿಸುವ ದನಿಯೇ.

ನನ್ನ ಪೆನ್ನನ್ನೇ ಮುಂದೆ ಸರಿಸಿದಳು.
ಅರ್ಧ ಮಾರ್ಕು ಕಳೆದೆ.
ಮೊತ್ತವನ್ನು ತಾನೇ ಇನ್ನೊಮ್ಮೆ ಕೂಡಿ ನೋಡಿ,
ತಲೆಯಾಡಿಸಿ, ದುಪಟ್ಟಾ ಸರಿಮಾಡಿಕೊಂಡು
ಆರೂವರೆಯ ಬಸ್ಸಿಗೆ ಓಡಿದಳು.

ಮೇಜಿನ ಮೇಲೆ ಒಂದು ಚಿಟಿಕೆ ಮರಳು.
ಒರೆಸಲು ಹೋದವಳು ಬಿಟ್ಟು,
ಉಳಿದ ನಲವತ್ತೊಂದು ಪೇಪರನ್ನು
ಚೀಲದಿಂದ ಮತ್ತೆ ಹೊರತೆಗೆದೆ.